ಹದಿಮೂರು ಲಕ್ಷ ಡಾಲರಿನ ಒಂದು 'ಇಲ್ಲ'

ಹದಿಮೂರು ಲಕ್ಷ ಡಾಲರ್. ನಾನು ಫೋನಿನಲ್ಲಿ ಹೇಳಿದ ಒಂದು 'ಇಲ್ಲ'ಕ್ಕೆ ಬಿದ್ದ ಬೆಲೆ ಅದು. ದುಡ್ಡು ನನ್ನದಾಗಿದ್ದರೆ ಒಂದು ವಾರ ಸರಿಯಾಗಿ ಊಟ ಮಾಡದೆ, ಎರಡನೆಯ ವಾರ ಮರೆತುಬಿಡುತ್ತಿದ್ದೆ. ಆದರೆ ಅದು ಹದಿನೆಂಟು ವರ್ಷದ ಒಬ್ಬ ಹುಡುಗನದು. ಯಾಕೆ ಹಾಗೆ ಹೇಳಿದೆ ಎಂದರೆ, ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದವರ ಮಗಳು. ಕೊಳ್ಳಲು ಬಂದವನು ಮೊದಲು ಹೇಳಿದ ದರಕ್ಕೆ ಒಪ್ಪಿಕೊಳ್ಳುವುದು ನಮ್ಮ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ದೇವರ ಕೋಣೆಗೆ ಹೋದಷ್ಟು ದೊಡ್ಡ ತಪ್ಪು.

ಈಗ ನಿವೃತ್ತಳಾಗಿ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ಮನೆಯಲ್ಲಿದ್ದೇನೆ. ಕ್ರೀಡಾ ನಿರ್ವಹಣೆ ಓದಲು ಕರ್ನಾಟಕದಿಂದ ಆಸ್ಟಿನ್‌ಗೆ ಬಂದ ಮಕ್ಕಳು ರಜೆಯಲ್ಲಿ ಬಂದು, "ಆಂಟಿ, ಬೇಸ್‌ಬಾಲ್ ಏಜೆಂಟ್ ಆಗೋದು ಹೇಗೆ?" ಎಂದು ಕೇಳುತ್ತಾರೆ. ನಾನು ಯಾವ ವರ್ಷ ಪಾಲುದಾರಳಾದೆ, ಕಿಟಕಿ ಇರುವ ಕೋಣೆ ಯಾವಾಗ ಸಿಕ್ಕಿತು ಎಂಬುದನ್ನೆಲ್ಲ ಕೇಳಿ ಅವರಿಗೆ ಆಗಬೇಕಾದದ್ದೇನೂ ಇಲ್ಲ. ನಾನು ಎಲ್ಲಿ ಮುಗ್ಗರಿಸಿದೆ ಎಂಬುದು ಗೊತ್ತಿದ್ದರೆ ಅವರಿಗೆ ಲಾಭ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನಿಗೆ ಪಿಚರ್ ಎನ್ನುತ್ತಾರೆ. ಹೈಸ್ಕೂಲು ಮುಗಿಸುವ ಹುಡುಗರಲ್ಲಿ ಭರವಸೆಯವರನ್ನು ದೊಡ್ಡ ತಂಡಗಳು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಹೆಸರು ಕರೆದು ಆರಿಸಿಕೊಳ್ಳುತ್ತವೆ. ಅದು ಡ್ರಾಫ್ಟ್. ಆಯ್ಕೆಯಾದವನು ಸಹಿ ಹಾಕಿದರೆ ಕೈಗೆ ದೊಡ್ಡ ಮೊತ್ತ ಬರುತ್ತದೆ; ಬೇಡವೆಂದರೆ ಕಾಲೇಜಿಗೆ ಹೋಗಬಹುದು. ತಂಡಕ್ಕೂ ಹುಡುಗನ ಮನೆಗೂ ನಡುವೆ ನಿಂತು ಮಾತಾಡುವವಳು ನಾನು. ಸಹಿಯಾಗುವವರೆಗೆ ನಮ್ಮನ್ನು 'ಸಲಹೆಗಾರರು' ಎನ್ನಬೇಕು, ಆದಮೇಲೆ 'ಏಜೆಂಟ್'. ನಿಶ್ಚಿತಾರ್ಥದವರೆಗೆ ಹುಡುಗ ಹುಡುಗಿ 'ಬರೀ ಫ್ರೆಂಡ್ಸ್' ಆಗಿರುತ್ತಾರಲ್ಲ, ಹಾಗೆ.

ನಾನು ಈ ಕೆಲಸಕ್ಕೆ ಬಂದದ್ದು ಹಾಸಿಗೆ ಅಂಗಡಿಯಿಂದ. ಹ್ಯೂಸ್ಟನ್‌ಗೆ ಬಂದ ಹೊಸದರಲ್ಲಿ ಊರಿನ ಪಶ್ಚಿಮಕ್ಕಿದ್ದ ಒಂದು ಹಾಸಿಗೆ ಅಂಗಡಿಯಲ್ಲಿ ಮಾರಾಟಕ್ಕೆ ನಿಂತಿದ್ದೆ. ಒಂದು ದಿನ ಹಲ್ಲುಕಡ್ಡಿ ಕಚ್ಚಿಕೊಂಡ ಎತ್ತರದ ನಡುವಯಸ್ಕರೊಬ್ಬರು ಬಂದು, ಬೂಟು ಕಳಚಿ, ಆರು ಹಾಸಿಗೆಗಳ ಮೇಲೆ ಒಂದೊಂದಾಗಿ ಮಲಗಿ ಎದ್ದರು. ಏಳನೆಯದು ಹಿಡಿಸಿತು. ಬೆಲೆ ಕೇಳಿದರು, ಹೇಳಿದೆ. ಅರ್ಧಕ್ಕೆ ಕೊಡುತ್ತೀಯಾ ಎಂದರು. ನಾನು ದಿಂಬಿನ ಕವರು ಸರಿಮಾಡುತ್ತ ಸುಮ್ಮನೆ ನಿಂತೆ. ಬಾಗಿಲವರೆಗೆ ಹೋದರು. ಹೊರಗೂ ಹೋದರು. ಕಾರು ಶುರುವಾದ ಸದ್ದು ಕೇಳಿತು, ನಿಂತ ಸದ್ದೂ ಕೇಳಿತು. ವಾಪಸು ಬಂದು ಪೂರ್ತಿ ಬೆಲೆಗೆ ಹಾಸಿಗೆಯನ್ನೂ ಎರಡು ದಿಂಬುಗಳನ್ನೂ ಕೊಂಡರು.

"ನಾನು ಹೋಗುವಾಗ ನೀನು ಬಾಗಿಲ ಕಡೆ ತಿರುಗಿ ಕೂಡ ನೋಡಲಿಲ್ಲ," ಎಂದರು. ಅವರ ಇಂಗ್ಲಿಷನ್ನು ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ನೋಡಿದರೆ ದರ ಇಳಿಯುತ್ತದೆ," ಎಂದೆ.

ಅವರೇ ಬೇಸ್‌ಬಾಲ್ ಏಜೆಂಟ್ ಅರ್ಲ್, ಮುಂದಿನ ಇಪ್ಪತ್ತು ಚಿಲ್ಲರೆ ವರ್ಷ ನನಗೆ ಸಾಹೇಬರಾಗಿದ್ದವರು. ಮರುವಾರವೇ ಕರೆಸಿಕೊಂಡರು. ಅವರ ಆಫೀಸು ಎನರ್ಜಿ ಕಾರಿಡಾರ್‌ನಲ್ಲಿತ್ತು. ಸುತ್ತ ತೈಲ ಕಂಪನಿಗಳ ಗಾಜಿನ ಕಟ್ಟಡಗಳು. ನಮ್ಮದು ಒಬ್ಬ ದಂತವೈದ್ಯರ ಮೇಲಿನ ಮಹಡಿ. ನಾವು ಲಕ್ಷಗಳ ಮಾತಾಡುತ್ತಿದ್ದರೆ ಕೆಳಗೆ ಯಾರದೋ ಹಲ್ಲು ಕೊರೆಯುವ ಸದ್ದು. ಫೋನಿನ ಆ ಕಡೆಯವರು, "ಅದೇನು ಸದ್ದು?" ಎಂದರೆ ಅರ್ಲ್, "ಇನ್ನೊಂದು ತಂಡದವರು ನಮ್ಮ ಷರತ್ತು ಓದುತ್ತಿದ್ದಾರೆ," ಎನ್ನುತ್ತಿದ್ದರು.

ಬೇಸ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಮೊದಲ ಪಂದ್ಯದಲ್ಲಿ ಒಬ್ಬ ಹುಡುಗ ಹೊಡೆದ ಚೆಂಡು ಆಕಾಶಕ್ಕೇರಿ ನಮ್ಮ ಹಿಂದಿನ ಪಾರ್ಕಿಂಗಿಗೆ ಬಿತ್ತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನಮ್ಮ ಲೆಕ್ಕದಲ್ಲಿ ಅದು ಸಿಕ್ಸರ್. ಅವರ ಲೆಕ್ಕದಲ್ಲಿ ಫೌಲ್, ಶೂನ್ಯ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅರ್ಲ್ ನನ್ನ ಪರಿಚಯವೇ ಇಲ್ಲದವರ ಹಾಗೆ ಎರಡು ಕುರ್ಚಿ ಆಚೆ ಸರಿದು ಕೂತರು.

ಆದರೆ ಅದೇ ಅಜ್ಞಾನ ಒಂದು ದಾರಿಯನ್ನೂ ಮಾಡಿಕೊಟ್ಟಿತು. ಹುಡುಗರನ್ನು ಪರೀಕ್ಷಿಸಲು ತಂಡಗಳು ಕಳಿಸುವವರಿಗೆ ಸ್ಕೌಟ್ ಎನ್ನುತ್ತಾರೆ. ಬಲೆಯ ಹಿಂದೆ ಮಡಚುವ ಕುರ್ಚಿ ಹಾಕಿ ಸಾಲಾಗಿ ಕೂತು, ಸೂರ್ಯಕಾಂತಿ ಬೀಜ ಕಡಿದು ಉಗುಳುತ್ತ, ವೇಗ ಅಳೆಯುವ ರೇಡಾರ್ ಗನ್ ಹಿಡಿದಿರುತ್ತಾರೆ. ನಾನೂ ಒಂದು ಕುರ್ಚಿ ತಂದು ಅವರ ಪಕ್ಕ ಹಾಕಿಕೊಂಡೆ. ಸೀರೆಯಲ್ಲಿದ್ದ ಹೆಂಗಸನ್ನು ಯಾರೋ ಆಟಗಾರನ ತಾಯಿ ಎಂದುಕೊಂಡರು. ಏಜೆಂಟ್ ಮುಂದೆ ಸ್ಕೌಟ್ ಬಾಯಿ ಬಿಡುವುದಿಲ್ಲ; ಯಾರದೋ ತಾಯಿಯ ಮುಂದೆ ಎಲ್ಲ ಬಿಡುತ್ತಾನೆ. ನಾನು ಸ್ಟೀಲ್ ಡಬ್ಬಿ ತೆರೆದು ಮಸಾಲೆ ಶೇಂಗಾ ಮುಂದೆ ಹಿಡಿಯುತ್ತಿದ್ದೆ. ಡ್ವೇನ್ ಎಂಬ ದಪ್ಪ ಮೀಸೆಯ ಸ್ಕೌಟ್ ಒಂದು ಮುಷ್ಟಿ ಶೇಂಗಾಕ್ಕೆ ಒಬ್ಬ ಹುಡುಗನ ಭವಿಷ್ಯವನ್ನೇ ಹೇಳಿಬಿಡುತ್ತಿದ್ದ. ಎರಡನೆಯ ವರ್ಷ ನಾನು ಯಾರೆಂದು ಗೊತ್ತಾದಾಗ, "ಮ್ಯಾಮ್, ನೀವು ಮಹಾ ಮೋಸಗಾರ್ತಿ," ಎಂದ. ಆಮೇಲೆ ಡಬ್ಬಿಗೆ ಕೈ ಹಾಕಿದ. ಅಂದಿನಿಂದ ಅವನು ಹೇಳುವುದು ಕಡಿಮೆಯಾಯಿತು, ತಿನ್ನುವುದು ಕಡಿಮೆಯಾಗಲಿಲ್ಲ.

ಈಗ ಆ ಕಾಲವೂ ಹೋಯಿತು. ಚೆಂಡು ಎಷ್ಟು ಸುತ್ತು ತಿರುಗಿತು, ಬೆರಳಿನಿಂದ ಯಾವ ಕೋನದಲ್ಲಿ ಹೊರಟಿತು ಎಂಬುದನ್ನೆಲ್ಲ ಕ್ಯಾಮೆರಾ ಹೇಳುತ್ತದೆ. ಹೊಸ ಸ್ಕೌಟ್‌ಗಳು ಮೈದಾನ ನೋಡುವುದೇ ಇಲ್ಲ, ಟ್ಯಾಬ್ಲೆಟ್ ನೋಡುತ್ತಾರೆ. ಒಮ್ಮೆ ಆಟ ಮುಗಿದು, ಹುಡುಗರು ಬಸ್ಸು ಹತ್ತಿ ಹೋಗಿ, ಹುಲ್ಲಿಗೆ ನೀರು ಚಿಮ್ಮಲು ಶುರುವಾಗಿ ಪ್ಯಾಂಟು ಒದ್ದೆಯಾದ ಮೇಲೆಯೇ ಒಬ್ಬ ತಲೆಯೆತ್ತಿದ. ಅಂಕಿ ಬೇಡ ಎನ್ನುತ್ತಿಲ್ಲ, ಕಲಿಯಿರಿ. ಆದರೆ ನಾನು ಕಿವಿಯಿಂದ ಕೆಲಸ ಮಾಡಿದವಳು. ಒಳ್ಳೆಯ ಪಿಚರ್ ಎಸೆದ ಚೆಂಡು ಎದುರಿನವನ ಕೈಗವಸಿಗೆ ಬಿದ್ದಾಗ ಬರುವ ಸದ್ದು ಬೇರೆ. ಕಣ್ಣು ಮುಚ್ಚಿ ಕೇಳಿದರೆ ಗೊತ್ತಾಗುತ್ತದೆ.

ಆ ಸದ್ದನ್ನು ನಾನು ಅತಿ ಚೆನ್ನಾಗಿ ಕೇಳಿದ್ದು ಡಾಲಸ್ ಕಡೆಯ ಲಿಟಲ್ ಎಲ್ಮ್‌ನಲ್ಲಿ. ಪಕ್ಕದ ಫ್ರಿಸ್ಕೋದಲ್ಲಿ ಕನ್ನಡಿಗರ ಯುಗಾದಿ ಊಟಕ್ಕೆ ಹೋದಾಗ ವೀಣಾ ಎಂಬಾಕೆ ಪಕ್ಕಕ್ಕೆ ಕರೆದು, "ಗಿರಿಜಕ್ಕ, ನಮ್ಮ ಹುಡುಗ ಸ್ವಲ್ಪ ಚೆನ್ನಾಗಿ ಎಸೀತಾನೆ ಅಂತಾರೆ, ಒಂದ್ಸಲ ನೋಡ್ತೀರಾ?" ಎಂದಳು. ಮೈಸೂರಿನವರು, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್. ಮಗ ಪ್ರಣವನಿಗೆ ಆಗ ಹದಿನಾರು. ತೆಂಗಿನ ಗಿಡದ ಹಾಗೆ ಎತ್ತರ, ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮರುದಿನ ಶಾಲೆಯ ಹಿಂದಿನ ಮೈದಾನಕ್ಕೆ ಹೋದೆ. ಅವನು ಎಸೆದ. ನಾನು ಕಣ್ಣು ಮುಚ್ಚಿದೆ. ಮೂರನೆಯ ಚೆಂಡಿಗೆ ಕಣ್ಣು ತೆರೆದು ವೀಣಾಗೆ ಹೇಳಿದೆ: "ಸ್ವಲ್ಪ ಅಲ್ಲವ್ವಾ. ಇದು ಭಾಳ ಅದ."

ತಂದೆ ನಾಗೇಶನ ಬಳಿ ಮಗ ಒಂಬತ್ತನೆಯ ವಯಸ್ಸಿನಿಂದ ಎಸೆದ ಪ್ರತಿ ಚೆಂಡಿಗೂ ಎಕ್ಸೆಲ್ ಶೀಟ್ ಇತ್ತು. ಒಂದು ಕಾಲಂ ವೇಗಕ್ಕೆ, ಒಂದು ಗಾಳಿಗೆ, ಇನ್ನೊಂದು ಆ ದಿನದ ತಿಂಡಿಗೆ. "ಮೇಡಂ, ಇಡ್ಲಿ ತಿಂದ ದಿನ ಅರ್ಧ ಮೈಲಿ ಜಾಸ್ತಿ," ಎಂದು ಗಂಭೀರವಾಗಿ ಹೇಳಿದ. ಅವನಿಗಿದ್ದ ದೊಡ್ಡ ತೊಂದರೆ ಬೇರೆ. ಪ್ರತಿ ಕನ್ನಡ ಕೂಟದಲ್ಲೂ ಯಾರಾದರೊಬ್ಬ ಅಂಕಲ್ ಮೊಬೈಲಿನಲ್ಲಿ ಪ್ರಣವನ ವಿಡಿಯೋ ನೋಡಿ, "ಕೈ ಮಡಚ್ತಾನಲ್ರೀ ನಾಗೇಶ್, ಇದು ಚಕಿಂಗ್ ಅಲ್ವಾ?" ಎಂದು ಕೇಳುತ್ತಿದ್ದರು.

"ಅಂಕಲ್, ಇದು ಕ್ರಿಕೆಟ್ ಅಲ್ಲ. ಇದರಲ್ಲಿ ಮಡಚ್ಬೇಕು."

"ಅಂಪೈರ್ ಏನೂ ಅನ್ನಲ್ವಾ?"

"ಏನೂ ಅನ್ನಲ್ಲ."

"ಹೋಗ್ಲಿ ಬಿಡಿ. ಓದೋದ್ರಲ್ಲಿ ಹೇಗಿದಾನೆ?"

ಹೈಸ್ಕೂಲಿನ ಕೊನೆಯ ವರ್ಷದ ಹೊತ್ತಿಗೆ ಪ್ರಣವನ ಹೆಸರು ದೇಶದ ಎಲ್ಲ ಪಟ್ಟಿಗಳಲ್ಲೂ ಬಂತು. ಒಂದು ಪಂದ್ಯಕ್ಕೆ ಎರಡು ಡಜನ್ ಸ್ಕೌಟ್‌ಗಳು. ಅವನು ಕೈಯೆತ್ತಿದರೆ ಇವರು ಒಟ್ಟಿಗೆ ರೇಡಾರ್ ಗನ್ ಎತ್ತುತ್ತಿದ್ದರು, ಕವಾಯತಿನ ಹಾಗೆ. ಅದನ್ನು ಕಂಡು ವೀಣಾಗೆ ದೃಷ್ಟಿಯ ಭಯ ಹುಟ್ಟಿತು. ಒಂದು ಪಂದ್ಯಕ್ಕೆ ಮೊದಲು ಪಾರ್ಕಿಂಗಿನಲ್ಲಿ ಯಾರೋ ಮಾಂಸ ಸುಡಲು ಇಟ್ಟಿದ್ದ ಒಲೆಯ ಬಳಿ ಹೋಗಿ, ಉಪ್ಪು ಮೆಣಸಿನಕಾಯಿ ಮಗನಿಗೆ ಇಳಿ ತೆಗೆದು ಕೆಂಡಕ್ಕೆ ಹಾಕಿಬಿಟ್ಟಳು. ಬ್ಯಾಡಗಿಯದಾಗಿದ್ದರೆ ಅಷ್ಟು ಕಷ್ಟವಿರಲಿಲ್ಲ, ನಮ್ಮದು ಬಣ್ಣಕ್ಕೆ ಹೆಸರಾದ ಕಾಯಿ. ಅವಳು ತಂದದ್ದು ಗುಂಟೂರು. ಗಾಳಿ ಮೈದಾನದ ಕಡೆಗಿತ್ತು. ಇಪ್ಪತ್ನಾಲ್ಕು ಸ್ಕೌಟ್‌ಗಳು ಒಟ್ಟಿಗೆ ಕೆಮ್ಮಿದರು. ಎದುರು ತಂಡದ ಬ್ಯಾಟರ್ ಕಣ್ಣೊರೆಸಿಕೊಳ್ಳಲು ಎರಡು ಸಲ ಸಮಯ ಕೇಳಿದ. ಘಾಟು ಬಂದರೆ ದೃಷ್ಟಿ ಇಲ್ಲ ಎಂದು ಅರ್ಥವಂತೆ. ಆ ದಿನದ ಲೆಕ್ಕದಲ್ಲಿ ಪ್ರಣವನ ಮೇಲೆ ಇಡೀ ಭೂಮಿಯಲ್ಲಿ ಯಾರ ಕಣ್ಣೂ ಬಿದ್ದಿರಲಿಲ್ಲ.

ಆಸ್ಟಿನ್‌ನ ಒಂದು ಕಾಲೇಜು ಆಟಕ್ಕಾಗಿಯೇ ಸೀಟು ಕೊಡುತ್ತೇವೆಂದು ಕರೆಯಿತು. ನಾವು ನಾಲ್ವರೂ ಹೋದೆವು. ಕೋಚ್ ಮೈದಾನ, ವ್ಯಾಯಾಮಶಾಲೆ, ಮಂಜಿನ ನೀರಿನ ತೊಟ್ಟಿ ತೋರಿಸಿದರು. ನಾಗೇಶ ಕೇಳಿದ್ದು ಲೈಬ್ರರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು. ವೀಣಾ ಹಾಸ್ಟೆಲಿನಲ್ಲಿ ರೈಸ್ ಕುಕ್ಕರ್ ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ವಾಪಸು ಬರುವಾಗ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗ ಪ್ರಣವ ತಟ್ಟೆ ನೋಡುತ್ತ, "I just want to play," ಎಂದ. ನಾಗೇಶ, "ಡಿಗ್ರಿ ಇದ್ರೆ ಸೇಫ್ ಕಣೋ," ಎಂದ. ನಾನು ಇಬ್ಬರನ್ನೂ ಸಮಾಧಾನ ಮಾಡುವ ಹುರುಪಿನಲ್ಲಿ ಒಂದು ಮೊತ್ತ ಕಟ್ಟಿದೆ: ಇಪ್ಪತ್ತು ಲಕ್ಷ ಡಾಲರ್ ಕೊಟ್ಟರೆ ಸಹಿ, ಇಲ್ಲದಿದ್ದರೆ ಆಸ್ಟಿನ್. ನಾಗೇಶನ ಮುಖ ಅರಳಿತು. ವೀಣಾ ತಲೆಯಾಡಿಸಿದಳು. ಪ್ರಣವ ಕೋಳಿಯ ಮೂಳೆ ಬಿಡಿಸುತ್ತಿದ್ದ.

ಮೊತ್ತ ಕೇಳಿ ಅರ್ಲ್, "ಹುಡುಗ ಹೇಳಿದ್ದೋ?" ಎಂದರು.

"ಅವರ ಮನೆಯವರು, ನಾನು ಸೇರಿ."

"ನಾನು ಕೇಳಿದ್ದು ಹುಡುಗ ಹೇಳಿದನೋ ಅಂತ."

"ಹದಿನೆಂಟು ವರ್ಷದವರಿಗೆ ದರದ ಬಗ್ಗೆ ಏನು ಗೊತ್ತಾಗುತ್ತದೆ?" ಎಂದೆ. ಅರ್ಲ್ ಹಲ್ಲುಕಡ್ಡಿಯನ್ನು ಬಾಯಿಯ ಈ ಬದಿಯಿಂದ ಆ ಬದಿಗೆ ಸರಿಸಿದರು. ಅದಕ್ಕೆ ಅರ್ಥವೇನೆಂದು ಇಷ್ಟು ವರ್ಷ ನೋಡಿ ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಎದ್ದು ಬಂದೆ.

ಡ್ರಾಫ್ಟ್ ಎರಡು ದಿನದ್ದು. ಮೊದಲ ದಿನ ಪ್ರಣವನ ಹೆಸರು ಬರಲಿಲ್ಲ. ಇಪ್ಪತ್ತು ಎಂದಿದ್ದಕ್ಕೆ ತಂಡಗಳು ಹಿಂದೇಟು ಹಾಕಿದ್ದವು. ಎರಡನೆಯ ದಿನ ಮಧ್ಯಾಹ್ನ ಲಿಟಲ್ ಎಲ್ಮ್‌ನ ಅವರ ಮನೆಯಲ್ಲಿ ಮೂವತ್ತು ಜನ. ಟಿವಿಯಲ್ಲಿ ಒಂದರ ಮೇಲೊಂದು ಹೆಸರು. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ತುಂಬ ಕೇಸರಿಬಾತ್. ಪ್ರಣವ ಸೋಫಾದ ತುದಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ. ನನ್ನ ಫೋನ್ ಅದುರಿತು. ಯಾರಿಗೂ ಕೇಳಿಸಬಾರದೆಂದು ಗರಾಜಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದು ಕಡೆ ಹುಲ್ಲು ಕತ್ತರಿಸುವ ಯಂತ್ರ, ಇನ್ನೊಂದು ಕಡೆ ಸೋನಾ ಮಸೂರಿ ಚೀಲಗಳು.

"ಮ್ಯಾಮ್," ಎಂದ ಡ್ವೇನ್. "ಹದಿಮೂರು ಲಕ್ಷ. ಮುಂದಿನ ಸರದಿ ನಮ್ಮದು. ಹೂಂ ಅಂದರೆ ಈಗಲೇ ಅವನ ಹೆಸರು ಕರೆಸುತ್ತೇನೆ."

"ಇಪ್ಪತ್ತು ಅಂದಿದ್ದೆವು."

"ನನ್ನ ಹತ್ತಿರ ಇರುವುದು ಹದಿಮೂರು."

"ಹಾಗಿದ್ದರೆ ಇಲ್ಲ," ಎಂದು ನಾನೇ ಫೋನ್ ಇಟ್ಟೆ.

ಇಟ್ಟು ಖುಷಿಯಾಗಿ ನಿಂತಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಬ್ಯಾಡಗಿಯಲ್ಲಿ ಗಿರಾಕಿ ದರ ಒಪ್ಪದೆ ಎದ್ದು ಹೋದರೆ ಅಪ್ಪ ಕರೆಯುತ್ತಿರಲಿಲ್ಲ. ಎಲೆ ಅಡಿಕೆ ಚೀಲ ಬಿಚ್ಚಿ, ಎಲೆಯ ನರ ತೆಗೆದು, ನಿಧಾನಕ್ಕೆ ಸುಣ್ಣ ಹಚ್ಚುತ್ತಿದ್ದ. ಎಲೆ ಬಾಯಿಗೆ ಹೋಗುವಷ್ಟರಲ್ಲಿ ಗಿರಾಕಿ ನಾಲ್ಕು ಅಂಗಡಿ ಸುತ್ತಿ, "ಆಯ್ತ್ ಬಿಡ್ರಿ," ಎಂದು ಮರಳಿ ಬರುತ್ತಿದ್ದ. ನನ್ನ ಹತ್ತಿರ ಎಲೆ ಇರಲಿಲ್ಲ. ಅಕ್ಕಿ ಚೀಲದ ಮೇಲಿನ ದೂಳು ಕೊಡವಿದೆ. ಇನ್ನೇನು ಫೋನ್ ಬರುತ್ತದೆ. ಹದಿನಾರು ಅನ್ನುತ್ತಾನೆ. ನಾನು ಹದಿನೆಂಟು ಅನ್ನುತ್ತೇನೆ. ಹದಿನೇಳಕ್ಕೆ ಮುಗಿಯುತ್ತದೆ.

ಒಳಗಿನಿಂದ ಟಿವಿ ಕೇಳಿಸಿತು. ಡ್ವೇನ್‌ನ ತಂಡ ಒಕ್ಲಹೋಮಾದ ಯಾವನೋ ಹುಡುಗನ ಹೆಸರು ಕರೆದಿತ್ತು.

ಅಪ್ಪನ ಗಿರಾಕಿಗೆ ಸಂಜೆಯವರೆಗೆ ಹೊತ್ತಿತ್ತು. ಇವರಿಗೆ ಇದ್ದದ್ದು ಒಂದು ನಿಮಿಷ. ಹುಟ್ಟಿದ ಮೇಲೆ ಮೊದಲ ಸಲ ನಾನೇ ಗಿರಾಕಿಯನ್ನು ವಾಪಸು ಕರೆದೆ.

"ಡ್ವೇನ್, ಆ ಹದಿಮೂರರ ಮಾತು..."

"ಮ್ಯಾಮ್, ಆ ದುಡ್ಡು ಹೋಯಿತು."

"ಇನ್ನೊಂದು ಸಲ ಕೇಳಬಹುದಿತ್ತಲ್ಲ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೀವು ಇಲ್ಲ ಅಂದಿರಿ. ನಾನು ನಂಬಿದೆ."

ಹಾಲಿಗೆ ಹೋಗಿ ಟಿವಿ ಮತ್ತು ಸೋಫಾದ ನಡುವೆ ನಿಂತೆ. "ಪ್ರಣವ, ಒಂದು ಫೋನ್ ಬಂದಿತ್ತಪಾ."

"How much?"

"ಹದಿಮೂರು."

"And?"

"ಬ್ಯಾಡ ಅಂದೆ."

ಪ್ರಣವ ತೊಡೆಯ ಕೆಳಗಿನಿಂದ ಕೈ ತೆಗೆದು ಬಲಗೈಯನ್ನು ನೋಡಿಕೊಂಡ. ಆಮೇಲೆ, ನಾನು ಅವನನ್ನು ಕಂಡಂದಿನಿಂದ ಮೊದಲ ಸಲ, ಕನ್ನಡದಲ್ಲಿ ಮಾತಾಡಿದ. "ನನ್ನ ಕೇಳ್ಬೇಕಿತ್ತು ಆಂಟಿ."

ವೀಣಾ ಕೇಸರಿಬಾತಿನ ತಟ್ಟೆ ಹಿಡಿದು, ಹಂಚಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಚಕಿಂಗ್ ಎಂದಿದ್ದ ಅಂಕಲ್‌ಗಳಲ್ಲಿ ಒಬ್ಬರು ಮಾತ್ರ ಧೈರ್ಯ ಮಾಡಿದರು. "ಕೊಡಮ್ಮ, ಆರೋಗುತ್ತೆ. ಹೋಗ್ಲಿ ಬಿಡಿ, ಹುಡುಗನ ಮಾರ್ಕ್ಸ್ ಚೆನ್ನಾಗಿದ್ಯಲ್ಲ."

ಆ ದಿನ ಬೇರೆ ಯಾವ ಫೋನೂ ಬರಲಿಲ್ಲ, ಅರ್ಲ್ ಅವರದ್ದೊಂದನ್ನು ಬಿಟ್ಟು.

"ಮೊದಲು ಫೋನ್ ಇಟ್ಟವರು ಯಾರು?"

"ನಾನು."

"ಹಾಸಿಗೆ ಅಂಗಡಿಯಲ್ಲಿ ನನಗೆ ಹಿಡಿಸಿದ್ದು ಒಂದೇ ಹಾಸಿಗೆ, ಗಿರಿಜಾ. ಅದಕ್ಕೆ ವಾಪಸು ಬಂದೆ. ಡ್ವೇನ್ ಮುಂದೆ ಇವತ್ತು ಆರುನೂರು ಹಾಸಿಗೆ ಇದ್ದವು." ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಉಳಿದದ್ದು ಎರಡು ದಾರಿ. ಆಸ್ಟಿನ್‌ನ ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮತ್ತೆ ಡ್ರಾಫ್ಟಿಗೆ ಮೂರು ವರ್ಷ ಕಾಯಬೇಕು. ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರಿದರೆ ಮುಂದಿನ ಬೇಸಿಗೆಗೇ ಇನ್ನೊಂದು ಅವಕಾಶ. ಅಂಥದ್ದೊಂದು ಹ್ಯೂಸ್ಟನ್ ಹತ್ತಿರವಿತ್ತು, ಪಿಚರ್‌ಗಳನ್ನು ತಯಾರು ಮಾಡುವುದರಲ್ಲಿ ಒಳ್ಳೆಯ ಹೆಸರಿತ್ತು. ಈ ಸಲ ಪ್ರಣವನನ್ನೇ ಕೇಳಿದೆ. ಅರೆಗಳಿಗೆಯೂ ಯೋಚಿಸದೆ ಹ್ಯೂಸ್ಟನ್ ಎಂದ.

ನಾಗೇಶ ಕುರ್ಚಿಯಿಂದ ಎದ್ದ. "ಕಮ್ಯುನಿಟಿ ಕಾಲೇಜಾ? ಮೇಡಂ, ಜನಕ್ಕೆ ಏನಂತ ಹೇಳ್ಲಿ ನಾನು?"

"ಹ್ಯೂಸ್ಟನ್ನ್ಯಾಗ ಓದಾಕತ್ತಾನ ಅನ್ರಿ. ಸುಳ್ಳೇನಲ್ಲಲ್ಲ."

ಅವನು ಅಷ್ಟಕ್ಕೇ ನಿಲ್ಲಿಸದೆ, 'ಮೆಡಿಕಲ್ ಸೆಂಟರ್‌ನಿಂದ ಅರ್ಧ ಗಂಟೆ' ಎಂದೂ ಸೇರಿಸತೊಡಗಿದ. ದೀಪಾವಳಿಯ ಹೊತ್ತಿಗೆ ಪ್ರಣವ ಡಾಕ್ಟರ್ ಓದುತ್ತಿದ್ದಾನೆ ಎಂಬ ಸುದ್ದಿ ಫ್ರಿಸ್ಕೋ ತುಂಬ ಹರಡಿತು. ಯಾರೋ ಮೊಣಕಾಲು ನೋವಿಗೆ ಅವನನ್ನು ಮಾತ್ರೆ ಕೇಳಿದರಂತೆ.

ಹುಡುಗ ಪೇರ್ಲ್ಯಾಂಡಿನ ನಮ್ಮ ಮನೆಯಲ್ಲೇ ಉಳಿದುಕೊಂಡ. ಮುಂದೆ ಏನೇ ಬಂದರೂ ನನ್ನ ಪಾಲು ಬೇಡವೆಂದು ಬರೆದುಕೊಟ್ಟೆ. ಅದು ದೊಡ್ಡತನವಲ್ಲ, ನಿದ್ದೆ ಬರಬೇಕಿತ್ತು. ಒಂದು ಊಟಕ್ಕೆ ಒಂಬತ್ತು ಜೋಳದ ರೊಟ್ಟಿ ತಿನ್ನುತ್ತಿದ್ದ. ರೊಟ್ಟಿ ಬಡಿದು ಬಡಿದು ನನ್ನ ತೋಳೂ ಡ್ರಾಫ್ಟಿಗೆ ತಯಾರಾಗುತ್ತಿದೆ ಎಂದು ನಮ್ಮ ಮನೆಯವರು ನಗಾಡುತ್ತಿದ್ದರು.

ಮಾರ್ಚಿನಲ್ಲಿ ಒಂದು ಪಂದ್ಯ ಮುಗಿಸಿ ಬರುವಾಗ ಕಾರಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ, "ಆಂಟಿ, elbow ಸ್ವಲ್ಪ tight ಇದೆ," ಎಂದ. ಪಿಚರ್ ಬಾಯಿಂದ ಈ ಮಾತು ಬಂದರೆ ನಮ್ಮ ವೃತ್ತಿಯವರು ಮೊದಲು ಹುಡುಕುವುದು ಆಸ್ಪತ್ರೆಯ ನಂಬರು. ಸ್ಕ್ಯಾನ್ ಮಾಡಿಸಿದೆವು. ಹರಿದಿರಲಿಲ್ಲ, ಊತವಿತ್ತು, ವಿಶ್ರಾಂತಿ ಬೇಕೆಂದರು. ವೀಣಾ ಹರಳೆಣ್ಣೆ ಬಾಟಲಿಯೊಂದಿಗೆ ಲಿಟಲ್ ಎಲ್ಮ್‌ನಿಂದ ಒಂದೇ ಉಸಿರಿಗೆ ಡ್ರೈವ್ ಮಾಡಿಕೊಂಡು ಬಂದಳು. ಅವಳು ಹೋದಮೇಲೂ ವಾರಗಟ್ಟಲೆ ಹುಡುಗ ಹಿಡಿದ ಚೆಂಡೆಲ್ಲ ಜಾರುತ್ತಿತ್ತು.

ನಾನು ಸ್ಕ್ಯಾನಿನ ವರದಿಯನ್ನು ಡ್ರಾಯರಿನಲ್ಲಿಟ್ಟೆ. ಚೀಲದ ಬಾಯಿಗೆ ಒಳ್ಳೆಯ ಕಾಯಿ, ತಳಕ್ಕೆ ಉಳಿದದ್ದು ಎಂಬುದು ಎಲ್ಲ ಪೇಟೆಯಲ್ಲೂ ನಡೆಯುವ ವ್ಯವಹಾರ. ತಂಡಗಳು ಕೇಳಿದರೆ ಕೊಡೋಣ, ಕೇಳುವವರೆಗೆ ಜ್ವರ ಎನ್ನೋಣ ಎಂದು ಲೆಕ್ಕ ಹಾಕಿದ್ದೆ. ಮಾತಿಗೆ ಪ್ರಣವನಿಗೂ ಹೇಳಿದೆ.

"No. Send it to everybody."

"ದರ ಬೀಳ್ತದೋ."

"ಬೀಳ್ಲಿ. It's my arm, ಆಂಟಿ."

ಎಲ್ಲ ತಂಡಗಳಿಗೂ ಕಳಿಸಿದೆ. ಮರುದಿನದಿಂದ ನನ್ನ ಫೋನು ಕೆಟ್ಟಿದೆಯೋ ಎಂದು ಎರಡು ಸಲ ಆಫ್ ಮಾಡಿ ಆನ್ ಮಾಡಿ ನೋಡಿದೆ. ಏಪ್ರಿಲ್ ಕೊನೆಗೆ ಅವನು ಮತ್ತೆ ಎಸೆಯತೊಡಗಿದಾಗ ವೇಗ ಎರಡು ಮೈಲಿ ಕಡಿಮೆ. ಹಿಂದೆ ಎರಡು ಡಜನ್ ಕುರ್ಚಿ ಇದ್ದ ಕಡೆ ಈಗ ಎರಡೇ: ನನ್ನದು, ಡ್ವೇನ್‌ನದು. ಡ್ವೇನ್ ಆಟ ಮುಗಿಯುವವರೆಗೆ ಶೇಂಗಾ ತಿಂದ. ಗನ್ನನ್ನು ತೊಡೆಯ ಮೇಲಿಟ್ಟು, ಅವನೂ ಕಣ್ಣು ಮುಚ್ಚಿ ಕೇಳುತ್ತಿದ್ದ.

ಎರಡನೆಯ ಡ್ರಾಫ್ಟಿಗೆ ವಾರವಿದ್ದಾಗ ಪ್ರಣವನನ್ನು ಒಬ್ಬನನ್ನೇ ಕಾರಿನಲ್ಲಿ ಕೂರಿಸಿಕೊಂಡು ಕೇಳಿದೆ: ಎಷ್ಟಾದರೆ ಸಹಿ ಹಾಕುತ್ತೀ? ಪಾರ್ಕಿಂಗ್ ಚೀಟಿಯ ಹಿಂದೆ ಬರೆದುಕೊಟ್ಟ. ಮೂರು ಲಕ್ಷ.

"ಇಷ್ಟೇನಾ?"

"ಇಷ್ಟೇ."

"ಒಂದೇ ಒಂದು ಸೊನ್ನೆ ಹೆಚ್ಚಿಗಿ ಹಾಕೂಣೇನು?"

"ಆಂಟಿ!"

ಆ ಸಲ ನಮ್ಮ ಅಡುಗೆಮನೆಯ ಮೇಜಿನ ಸುತ್ತ ಐದೇ ಜನ: ಪ್ರಣವ, ಅವನ ತಂದೆ ತಾಯಿ, ನಮ್ಮ ಮನೆಯವರು, ನಾನು. ಮೊದಲ ದಿನ ಖಾಲಿ ಹೋಯಿತು. ಎರಡನೆಯ ದಿನವೂ ಮಧ್ಯಾಹ್ನ ದಾಟಿತು. ಹೆಸರುಗಳು ಮುಗಿಯುತ್ತ ಬಂದಿದ್ದವು. ನಾಗೇಶ ಲ್ಯಾಪ್‌ಟಾಪಿನಲ್ಲಿ ಇನ್ನೆಷ್ಟು ಉಳಿದಿವೆ ಎಂದು ಎಣಿಸುತ್ತಿದ್ದ. ವೀಣಾ ಅದನ್ನು ಮುಚ್ಚಿಟ್ಟಳು. ಫೋನ್ ಬಂತು. ಸ್ಪೀಕರ್ ಹಾಕಿ ಚಟ್ನಿಪುಡಿ ಡಬ್ಬಿಗೆ ಒರಗಿಸಿಟ್ಟೆ.

"ಮ್ಯಾಮ್, ಹುಡುಗ ಪಕ್ಕದಲ್ಲಿದ್ದಾನಾ?" ಎಂದ ಡ್ವೇನ್.

"ಇದ್ದಾನೆ."

"ನಾಲ್ಕೂವರೆ ಲಕ್ಷ."

ಚೀಟಿಯಲ್ಲಿದ್ದದ್ದು ಮೂರು. ಅವನು ಕೇಳದೆಯೇ ನಾಲ್ಕೂವರೆ ಅನ್ನುತ್ತಿದ್ದಾನೆಂದರೆ ಐದೂವರೆ ಇದ್ದೇ ಇದೆ. ನನ್ನ ನಾಲಿಗೆ ತುರಿಸಿತು. ಎದುರಿಗಿದ್ದ ರೊಟ್ಟಿಯನ್ನು ಅರ್ಧ ಮುರಿದು ಬಾಯಿಗೆ ತುರುಕಿಕೊಂಡು ಫೋನನ್ನು ಪ್ರಣವನ ಕಡೆ ಸರಿಸಿದೆ.

ಅವನು ದರದ ಮಾತೇ ಎತ್ತಲಿಲ್ಲ. "ಸರ್, ನನ್ನ ಮೊಣಕೈ ಯಾರು ನೋಡಿಕೊಳ್ಳುತ್ತಾರೆ?" ಎಂದ. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ನಾನು ಯಾರ ಪರವಾಗಿಯೂ ಮೊದಲು ಕೇಳಿರಲಿಲ್ಲ.

"ಮೂರು ತಿಂಗಳು ಚೆಂಡು ಮುಟ್ಟಿಸುವುದಿಲ್ಲ," ಎಂದ ಡ್ವೇನ್. "ನೀವು ಕಳಿಸಿದ ವರದಿಯನ್ನು ನಮ್ಮ ವೈದ್ಯರು ನೋಡಿದ್ದಾರೆ. ಉಳಿದ ಹುಡುಗರ ಮೊಣಕೈಯೊಳಗೆ ಏನಿದೆಯೋ ನನಗೆ ಗೊತ್ತಿಲ್ಲ. ನಿನ್ನದರಲ್ಲಿ ಏನಿದೆ ಅಂತ ಗೊತ್ತು. ಅದಕ್ಕೇ ಫೋನ್ ಮಾಡಿದ್ದು."

"Then yes, sir."

ನಾಗೇಶ ಮೇಜಿನ ಮೇಲೆ ಬಾಗಿದ. "ಒನ್ ಮಿನಿಟ್ ಸರ್! ಡಿಗ್ರಿ?"

"ಓದುವ ಖರ್ಚು ಬೇರೆ ಕೊಡುತ್ತೇವೆ, ಯಾವಾಗ ಬೇಕಾದರೂ ಓದಬಹುದು."

"ಹಾಸ್ಟೆಲ್ ಸೇರಿಸಿ?"

ಡ್ವೇನ್, "ಮ್ಯಾಮ್, ಈ ಮನುಷ್ಯನಿಗೆ ನೀವು ತರಬೇತಿ ಕೊಟ್ಟಿದ್ದೀರಾ?" ಎಂದ. ನನ್ನ ಬಾಯಿ ತುಂಬ ರೊಟ್ಟಿ, ಉತ್ತರ ಕೊಡಲಾಗಲಿಲ್ಲ. ಹಾಸ್ಟೆಲ್ ಸೇರಿತು.

ಎರಡು ನಿಮಿಷದಲ್ಲಿ ಪ್ರಣವನ ಹೆಸರು ಕರೆದರು. ವೀಣಾ ಅತ್ತಳು, ನಾಗೇಶ ಲ್ಯಾಪ್‌ಟಾಪ್ ತೆರೆದ. ಗದ್ದಲ ಇಳಿದ ಮೇಲೆ ನಾನು ಹುಡುಗನ ಪಕ್ಕ ಕೂತು ಹೇಳಿದೆ: "ನನ್ನಿಂದ ನಿನಗ ಎಂಟೂವರೆ ಲಕ್ಷ ಹೋತಪಾ."

ಅವನು ಏಳನೆಯ ರೊಟ್ಟಿ ಕೈಗೆತ್ತಿಕೊಂಡ. "ಆಂಟಿ, ನೀವಿನ್ನೂ ಆ ಗರಾಜಲ್ಲೇ ಇದ್ದೀರ. ಬನ್ನಿ ಹೊರಗೆ. I have a job."

ಹೌದು, ಅವನಿಗೀಗ ಕೆಲಸವಿದೆ. ತಂಡದ ಕೆಳಗಿನ ದರ್ಜೆಯಲ್ಲಿ ಬಸ್ಸಿನಲ್ಲಿ ಊರೂರು ತಿರುಗುತ್ತಾನೆ. ಮೊದಲ ಪಂದ್ಯದಲ್ಲಿ ಐದು ರನ್ ಕೊಟ್ಟ, ಈ ಆಟದಲ್ಲಿ ಅದು ಭಾರಿ ಹೊಡೆತ; ಆದರೂ ನಗುತ್ತ ಫೋನ್ ಮಾಡಿದ. ಮೇಲಿನ ದರ್ಜೆಗೆ ಹೋಗುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನು ನಂಬಬೇಡಿ. ಅವನ ಸಹಿಯಾದ ಮೇಲೆ ಅದೇ ವರ್ಷ ನಾನು ಕೆಲಸ ಬಿಟ್ಟೆ.

ಈ ವೃತ್ತಿಗೆ ಬರುತ್ತಿರುವ ನೀವು ಇಷ್ಟು ಮಾಡಿ. ಮೊತ್ತವನ್ನು ಆಟಗಾರನ ಕೈಯಿಂದಲೇ ಬರೆಸಿ, ಅದೂ ತಂದೆ ತಾಯಿ ಪಕ್ಕದಲ್ಲಿ ಇಲ್ಲದಾಗ. ಅವರಿದ್ದರೆ ಅವನು ಬರೆಯುವುದು ಅವರ ಮೊತ್ತ. ಎದುರಿನವನಿಗೆ ಎಷ್ಟು ಸಮಯವಿದೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಸಮಯವಿಲ್ಲದವನ ಜೊತೆ ಚೌಕಾಸಿ ಬೇಡ. ಪೆಟ್ಟಾಗಿದ್ದರೆ ನೀವೇ ಮುಂದಾಗಿ ಹೇಳಿ. ಫೋನ್ ಬಂದಾಗ ಬೇರೆ ಕೋಣೆಗೆ ಹೋಗಬೇಡಿ, ಎಲ್ಲರ ನಡುವೆ ಸ್ಪೀಕರ್ ಹಾಕಿ ಇಡಿ. 'ಇಲ್ಲ' ಎನ್ನಬೇಕು ಎನಿಸಿದರೆ ಮೊದಲು ಹುಡುಗನ ಮುಖ ನೋಡಿ. ಆ ಮುಖದಲ್ಲೂ 'ಇಲ್ಲ' ಕಂಡರೆ ಮಾತ್ರ ಹೇಳಿ; ಕಾಣದಿದ್ದರೆ ಫೋನನ್ನು ಅವನ ಕಡೆ ಸರಿಸಿ, ಬಾಯಿ ಮುಚ್ಚಿಕೊಂಡು ಕೂರಿ.